ಅಮ್ಮನಷ್ಟು ಎತ್ತರದ ನಕ್ಷತ್ರ

ನಮ್ಮ ಮನೆಯಲ್ಲಿ ಬೆಂಕಿಯ ಬಣ್ಣ ನೋಡಿ ಹದ ಹೇಳಬಲ್ಲವರು ಇಬ್ಬರಿದ್ದರು. ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಲ್ಲುವ ಕೆಲಸದವರು. ನೀಲಿ ಗಾಜನ್ನು ಕಣ್ಣಿಗೆ ಹಿಡಿದು ಒಳಗೆ ಕುದಿಯುವ ಉಕ್ಕನ್ನು ನೋಡಿ, ಇನ್ನೆಷ್ಟು ಹೊತ್ತು ಕಾಯಬೇಕೆಂದು ಹೇಳಿಬಿಡುತ್ತಿದ್ದರು. ಅಮ್ಮ ಅದೇ ಕೆಲಸವನ್ನು ಗಾಜಿಲ್ಲದೆ ಮಾಡುತ್ತಿದ್ದಳು. ಸ್ಟೌವಿನ ಉರಿ ಹಳದಿಗೆ ತಿರುಗಿದರೆ ಬತ್ತಿ ಸರಿಮಾಡಬೇಕು, ಬೆಲ್ಲದ ಪಾಕ ಜೇನಿನ ಬಣ್ಣ ದಾಟುವ ಮೊದಲೇ ಇಳಿಸಬೇಕು, ಕಾವಲಿಯ ಮೇಲಿನ ಅಕ್ಕಿರೊಟ್ಟಿಯ ಅಂಚು ಕೆಂಪಾದ ಕೂಡಲೇ ಮಗುಚಬೇಕು. ಇಬ್ಬರೂ ತಮ್ಮ ತಮ್ಮ ಬೆಂಕಿಯ ಬಗ್ಗೆ ಹೆಮ್ಮೆಯುಳ್ಳವರಾದ್ದರಿಂದ ಮನೆಯಲ್ಲಿ ಜಗಳಕ್ಕೆ ಬರವಿರಲಿಲ್ಲ. ಬಚ್ಚಲ ನೀರಿನದೇ ದಿನದ ಮೊದಲ ಜಗಳ. ಎಂಟು ಗಂಟೆ ಕುಲುಮೆಯ ಝಳ ಉಂಡು ಬಂದ ಅಪ್ಪನಿಗೆ ಸ್ನಾನದ ನೀರು ಹಬೆಯಾಡುತ್ತಿರಬೇಕು.

"ಅಲ್ರೀ, ದಿನಾ ಬೆಂಕಿ ಮುಂದೆ ನಿಂತು ಬರ್ತೀರ. ಇನ್ನೂ ಬಿಸಿ ಸಾಲ್ದಾ ನಿಮಗೆ?" ಎಂದು ಅಮ್ಮ ಹಂಡೆಯ ಒಲೆಗೆ ತೆಂಗಿನ ಗರಿ ತುರುಕುತ್ತಾ ಕೇಳುವಳು.

"ಅದು ಕಂಪನಿ ಬಿಸಿ ಕಣೆ. ಇದು ಮನೆ ಬಿಸಿ," ಎಂದು ಅಪ್ಪ ಬಚ್ಚಲೊಳಗಿಂದ ಕೂಗುವರು.

ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ನಮ್ಮದು ಸಾಲಿನ ಕೊನೆಯ ಮನೆ. ಒಂದು ಹಜಾರ, ಒಂದು ಕೋಣೆ, ಮೂರು ಜನ ನಿಂತರೆ ನಾಲ್ಕನೆಯವರು ಹೊಸಿಲ ಮೇಲೆ ಕಾಯಬೇಕಾದ ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು, ಒಂದು ಸೀಬೆ ಗಿಡ. ಹಜಾರದ ಕೆಂಪು ಗಾರೆ ನೆಲವನ್ನು ಅಮ್ಮ ಎಷ್ಟು ಒರೆಸಿದ್ದಳೆಂದರೆ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ನಮ್ಮ ಊಟ, ತಿಂಡಿ, ಓದು ಎಲ್ಲವೂ ಕಾರ್ಖಾನೆಯ ಸೈರನ್ನಿಗೆ ತಕ್ಕಂತೆ. ಗಡಿಯಾರವೊಂದು ಇತ್ತು, ಆದರೆ ಅದು ಸೈರನ್ ಕೇಳಿ ಸರಿಮಾಡಿಸಿಕೊಳ್ಳುವ ಗಡಿಯಾರ. ಅಪ್ಪನ ಖಾಕಿ ಅಂಗಿಗಳ ಮೇಲೆ ಕಿಡಿ ಬಿದ್ದು ಸಣ್ಣ ಸಣ್ಣ ತೂತು. ಭಾನುವಾರ ಮಧ್ಯಾಹ್ನ ಹುರುಳಿ ಸಾರು ಅನ್ನ ಉಂಡಾದ ಮೇಲೆ ಅಮ್ಮ ಹೊಸಿಲ ಮೇಲೆ ಕೂತು ಆ ತೂತುಗಳಿಗೆ ದಾರ ಹಾಕುವುದು, ಅಪ್ಪ ಚಾಪೆಯ ಮೇಲೆ ಮಲಗಿ ಇಲ್ಲದ ತೂತೊಂದನ್ನು ತೋರಿಸಿ ಕೆಣಕುವುದು, ನಾನು ಮತ್ತು ತಂಗಿ ವೀಣಾ ಸೂಜಿಗೆ ದಾರ ಪೋಣಿಸಿಕೊಡಲು ಪೈಪೋಟಿ ನಡೆಸುವುದು ನಮ್ಮ ವಾರದ ಪೂಜೆಯಿದ್ದ ಹಾಗೆ.

ನಾನು ಎಂಟನೆಯ ಕ್ಲಾಸಿನಲ್ಲಿದ್ದ ವರ್ಷದ ಜನವರಿಯಲ್ಲಿ ನಮ್ಮ ವಿಜ್ಞಾನದ ಮಿಸ್ಸು ಕಪ್ಪುಹಲಗೆಯ ಮೇಲೆ ಚುಕ್ಕಿಗಳನ್ನಿಟ್ಟು ಮಹಾವ್ಯಾಧನೆಂಬ ಬೇಟೆಗಾರ ನಕ್ಷತ್ರಪುಂಜದ ಚಿತ್ರ ಬರೆದರು. ನಡುವಿನಲ್ಲಿ ಸಾಲಾಗಿ ಮೂರು ಚುಕ್ಕಿ ಅವನ ಸೊಂಟಪಟ್ಟಿ, ಮೇಲೆ ಒಂದು ಭುಜದಲ್ಲಿ ಕೆಂಪಗಿರುವುದು ಆರ್ದ್ರಾ ನಕ್ಷತ್ರ. ಸಂಜೆ ಏಳು ಗಂಟೆಗೆಲ್ಲ ಪೂರ್ವದಲ್ಲಿ ಕಾಣುತ್ತದೆ, ಮನೆಯವರಿಗೆ ತೋರಿಸಿ ಎಂದರು. ಅಂದು ಸಂಜೆ ದೇವರಿಗೆ ದೀಪ ಹಚ್ಚಿದ ಕೂಡಲೇ ಅಮ್ಮನನ್ನು ಕೈ ಹಿಡಿದು ಅಂಗಳಕ್ಕೆ ಎಳೆದು ತಂದೆ. ಅಮ್ಮನ ಜನ್ಮನಕ್ಷತ್ರ ಆರಿದ್ರೆ. ವರ್ಷಕ್ಕೊಮ್ಮೆ ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು, ಗೋತ್ರ ಹೇಳುವಾಗ "ಆರ್ದ್ರಾ ನಕ್ಷತ್ರ, ಮಿಥುನ ರಾಶಿ" ಎಂದು ಅವಳು ಮೆಲ್ಲಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೆ.

"ನೋಡಮ್ಮ, ಆ ಕೆಂಪಗಿದೆಯಲ್ಲ, ಅದೇ ನಿನ್ನ ನಕ್ಷತ್ರ."

ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು.

"ಅದು ನಿಜವಾಗ್ಲೂ ಇದೆಯಾ? ನಾನು ಅರ್ಚನೆಗೆ ಹೇಳೋ ಹೆಸರು ಅಷ್ಟೆ ಅಂದ್ಕೊಂಡಿದ್ನಲ್ಲೇ!"

ಮೂವತ್ತೈದು ವರ್ಷ ತನ್ನದೆಂದು ಹೇಳಿಕೊಂಡು ಬಂದದ್ದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಒಲೆಯ ಮೇಲೆ ಅವರೆಕಾಳು ಬೇಯುತ್ತಿದೆ ಎಂಬುದೂ ಅವಳಿಗೆ ಮರೆತುಹೋಗಿತ್ತು. ಜನರಲ್ ಶಿಫ್ಟ್ ಮುಗಿಸಿ ಬಂದಿದ್ದ ಅಪ್ಪನೂ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು ನಿಂತರು. ಅವರು ನಕ್ಷತ್ರವನ್ನು ನೋಡಿದ್ದು ಕುಲುಮೆಯ ಕಿಂಡಿ ನೋಡುವ ರೀತಿಯಲ್ಲಿ, ಒಂದು ಕಣ್ಣು ಕಿರಿದು ಮಾಡಿ.

"ಪಕ್ಕದ್ದೆಲ್ಲ ಬೆಳ್ಳಗಿದೆ, ಇದೊಂದು ಕೆಂಪು. ಅಂದ್ರೆ ಇದಕ್ಕೆ ಬಿಸಿ ಕಮ್ಮಿ," ಎಂದರು. ನನ್ನ ಕಡೆ ತಿರುಗಿ, "ಎಷ್ಟು ದೂರ ಇದೆಯಂತೆ ಜಾನಕಿ?" ಎಂದು ಕೇಳಿದರು.

"ಅಲ್ಲಿಂದ ಬೆಳಕು ಬರೋಕೇ ನೂರಾರು ವರ್ಷ ಬೇಕಂತೆ ಅಪ್ಪ."

"ಕಮ್ಮಿ ಬಿಸಿ, ಅಷ್ಟು ದೂರ. ಆದ್ರೂ ಹಿಂಗೆ ಹೊಳೀತಿದೆ ಅಂದ್ರೆ ಅದರ ಒಡಲು ಭಾರಿ ದೊಡ್ಡದಿರಬೇಕು, ಮಾರಾಯ್ತಿ. ಸಣ್ಣ ಕುಲುಮೇಲಿ ಈ ಬೆಳಕು ಬರಲ್ಲ."

ಮಾರನೆಯ ದಿನ ಮಿಸ್ಸಿಗೆ ಇದನ್ನು ಹೇಳಿದಾಗ ಅವರು ಸೀಮೆಸುಣ್ಣ ಕೆಳಗಿಟ್ಟು, "ನಿಮ್ಮಪ್ಪ ಎಲ್ಲಿ ಓದಿದ್ದು?" ಎಂದು ಕೇಳಿದರು. ಆರ್ದ್ರಾ ನಿಜಕ್ಕೂ ದೈತ್ಯ, ಸೂರ್ಯನಂಥ ನೂರಾರು ಸೂರ್ಯರನ್ನು ಅದರ ಅಡ್ಡಕ್ಕೆ ಸಾಲಾಗಿ ಜೋಡಿಸಬಹುದು ಎಂದರು. ಮುಂದೆ ನಾನು ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಕೆಂಪು ನಕ್ಷತ್ರ ಕಡಿಮೆ ಬಿಸಿಯದಾಗಿಯೂ ಪ್ರಕಾಶಮಾನವಾಗಿದ್ದರೆ ಅದು ಗಾತ್ರದಿಂದಲೇ ಎಂಬ ಪಾಠ ಮಾಡುವಾಗಲೆಲ್ಲ ನನ್ನ ಕಿವಿಯಲ್ಲಿ ಕೇಳುತ್ತಿದ್ದುದು ಅಪ್ಪನ ದನಿ. ಪುಸ್ತಕದಲ್ಲಿ ಅದಕ್ಕೆ ಸೂತ್ರವಿದೆ. ಅಪ್ಪನಿಗೆ ಅಭ್ಯಾಸವಿತ್ತು.

ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿ ಮಕ್ಕಳ ವಿಜ್ಞಾನ ಭಾಷಣ ಸ್ಪರ್ಧೆಯಿತ್ತು. ಶಾಲೆಯಿಂದ ನನ್ನ ಹೆಸರು ಕಳಿಸಿದರು. ವಿಷಯ ಯಾವುದೆಂದು ನಾನು ಯೋಚಿಸಬೇಕಾಗಿಯೇ ಇರಲಿಲ್ಲ. ಅಮ್ಮನ ನಕ್ಷತ್ರವನ್ನು ಇಡೀ ಶಿವಮೊಗ್ಗಕ್ಕೆ ಸಾರಬೇಕಿತ್ತು. ಮಿಸ್ಸು ಅದೇ ಹೊತ್ತಿಗೆ ಹೆರಿಗೆ ರಜೆಗೆ ಹೋದರು. ಉಳಿದದ್ದು ನಾನು ಮತ್ತು ಒಂದು ಕಾಗದದ ಚೂರು. ಅಪ್ಪ ಖಾರ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ ಹಳೆಯ ಪತ್ರಿಕೆಯ ಹಾಳೆ ಅದು. ಬಿಚ್ಚಿ ನೋಡಿದರೆ ದೈತ್ಯ ನಕ್ಷತ್ರಗಳ ಬಗ್ಗೆ ಲೇಖನ! ಅದೃಷ್ಟವೇ ಪೊಟ್ಟಣ ಕಟ್ಟಿಕೊಂಡು ಬಂದಿದೆ ಎಂದುಕೊಂಡೆ. ಸೂರ್ಯನ ಜಾಗದಲ್ಲಿ ಆರ್ದ್ರೆಯನ್ನು ತಂದಿಟ್ಟರೆ ನಮ್ಮ ಯಾವುದೋ "ವ್ಯೂಹ"ದ ಬಹಳಷ್ಟು ಭಾಗ ಅದರ ಹೊಟ್ಟೆ ಸೇರುತ್ತದೆ ಎಂದು ಬರೆದಿತ್ತು. ಯಾವ ವ್ಯೂಹ ಎಂಬಲ್ಲಿ ಮಾತ್ರ ಎಣ್ಣೆ ಇಳಿದು ಅಕ್ಷರ ಕರಗಿತ್ತು. ಅಲ್ಲಿದ್ದದ್ದು ಸೌರವ್ಯೂಹ. ನಾನು ಓದಿಕೊಂಡದ್ದು ತಾರಾವ್ಯೂಹ. ಸೂರ್ಯ ಮತ್ತು ಅದರ ಸುತ್ತ ತಿರುಗುವ ಹತ್ತಾರು ಕಾಯಗಳ ಸಂಸಾರ ಒಂದು, ಕೋಟ್ಯಂತರ ಸೂರ್ಯರು ತುಂಬಿದ ಆಕಾಶಗಂಗೆ ಇನ್ನೊಂದು. ಎರಡಕ್ಷರ ಬದಲಾದರೆ ಎಷ್ಟು ಬದಲಾಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ದೊಡ್ಡದು ಎಂದ ಮೇಲೆ ಆದಷ್ಟೂ ದೊಡ್ಡದಾಗಲಿ ಎಂಬ ಆಸೆಯೂ ಇತ್ತು.

ಈ ತಪ್ಪನ್ನು ಮಾಡಿದವಳು ನಾನೊಬ್ಬಳೇ ಅಲ್ಲ ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತೇನೆ. ಮೊನ್ನೆ ವೀಣಾಳ ಮೊಮ್ಮಗಳು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಭೂಮಿ, ಗುರು, ಸೂರ್ಯ, ಆಮೇಲೆ ಒಂದಕ್ಕಿಂತ ಒಂದು ಉಬ್ಬುವ ಕೆಂಪು ನಕ್ಷತ್ರಗಳು, ಎಲ್ಲಕ್ಕಿಂತ ದೊಡ್ಡ ನಕ್ಷತ್ರದ ಬೆನ್ನಿಗೇ ಸುರುಳಿಯಾಕಾರದ ಗ್ಯಾಲಕ್ಸಿ. ಮಗು ಅದನ್ನು ಮುಂದಿನ ಮೆಟ್ಟಿಲೆಂದೇ ತಿಳಿದಿತ್ತು. ಆ ಎರಡರ ನಡುವೆ ಕಾಣೆಯಾದ ಮೆಟ್ಟಿಲುಗಳೆಷ್ಟೆಂದು ವಿಡಿಯೊ ಹೇಳುವುದಿಲ್ಲ.

ಭಾಷಣವನ್ನು ಮೊದಲು ಒಪ್ಪಿಸಿದ್ದು ಅಮ್ಮನಿಗೆ, ಅಡುಗೆಮನೆಯ ಹೊಸಿಲ ಮೇಲೆ ನಿಂತು. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು. ನಾನು ಎರಡೂ ಕೈ ಚಾಚಿ, "ಈ ಮಹಾದೈತ್ಯ ನಕ್ಷತ್ರ ನಮ್ಮ ಇಡೀ ಆಕಾಶಗಂಗೆಯನ್ನೇ ನುಂಗಿ ನೀರು ಕುಡಿಯಬಲ್ಲದು!" ಎಂದು ಗುಡುಗಿದೆ. ಈಳಿಗೆಮಣೆಯ ಮೇಲೆ ಅವಳ ಕೈ ನಿಂತಿತು.

"ಜಾನು, ಆಕಾಶಗಂಗೆ ಅಂದ್ರೆ ನಕ್ಷತ್ರಗಳ ಗುಂಪು ಅಂದೆ ಅಲ್ವಾ?"

"ಹೂಂ."

"ನನ್ನ ನಕ್ಷತ್ರಾನೂ ಆ ಗುಂಪಲ್ಲೇ ಇರೋದಾ?"

"ಹೂಂ ಕಣಮ್ಮ."

"ಮತ್ತೆ ಡಬ್ಬದೊಳಗಿರೋ ಉಂಡೆ ಡಬ್ಬಕ್ಕಿಂತ ದೊಡ್ಡದು ಹೆಂಗಾಗುತ್ತೆ?"

ಉತ್ತರವಿಲ್ಲದ ಹದಿಮೂರು ವರ್ಷದ ಹುಡುಗಿಯ ಬಾಯಿಗೆ ಏನು ಬರುತ್ತದೋ ಅದೇ ಬಂತು.

"ನಿಂಗೇನು ಗೊತ್ತಾಗುತ್ತೆ? ನೀನು ಓದಿದ್ದು ಏಳನೇ ಕ್ಲಾಸು. ಇದು ಪೇಪರಲ್ಲೇ ಬಂದಿದೆ."

ಅಮ್ಮ ಬೈಯಲಿಲ್ಲ. ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕಿದಳು. "ಹಂಗಾದ್ರೆ ಸರಿ," ಎಂದಳು. ಊಟಕ್ಕೆ ಬಡಿಸುವಾಗ ಎಂದಿನಂತೆ ನನ್ನ ತಟ್ಟೆಗೆ ಎರಡು ಹೋಳು ಹೆಚ್ಚಿಗೆ ಹಾಕಿದಳು. ಆದರೆ ಭಾಷಣದ ಬಗ್ಗೆ ಮತ್ತೆ ಕೇಳಲಿಲ್ಲ. ಸ್ಪರ್ಧೆಯ ದಿನ, "ವೀಣಂಗೆ ನೆಗಡಿ, ನೀವಿಬ್ರೇ ಹೋಗಿ ಬನ್ನಿ," ಎಂದು ಬಾಗಿಲಲ್ಲೇ ನಿಂತಳು. ವೀಣಾ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು.

ಸ್ಪರ್ಧೆಯಲ್ಲಿ ಏನಾಯಿತೆಂದು ನನಗೆ ನೆನಪಿರುವುದು ಕಡಿಮೆ. ಕೈ ಚಾಚಿ ಗುಡುಗಿದ್ದು, ಸಭೆ ಚಪ್ಪಾಳೆ ಹೊಡೆದದ್ದು, ಅಪ್ಪ ಕೊನೆಯ ಸಾಲಿನಲ್ಲಿ ನಿಂತೇ ಚಪ್ಪಾಳೆ ತಟ್ಟುತ್ತಿದ್ದದ್ದು ಇಷ್ಟು ನೆನಪಿದೆ. ಮೊದಲ ಬಹುಮಾನ ನನಗೆ, ಎರಡನೆಯದು ನವುಲೆಯ ಪುಷ್ಪಲತಾ ಎಂಬ ಹುಡುಗಿಗೆ. ಅವಳು ಮಣ್ಣಿನ ಬಗ್ಗೆ ಮಾತಾಡಿದ್ದಳು, ಕೈ ಚಾಚದೆ, ಮೆಲ್ಲಗೆ. ನನಗೆ ಬಹುಮಾನದ ಒಂದು ಕಪ್ಪು, ಅದರ ಜೊತೆ ಕನ್ನಡದ ಒಂದು ಖಗೋಳದ ಪುಸ್ತಕ ಸಿಕ್ಕಿತು.

ವಾಪಸ್ ಬರುವಾಗ ಹತ್ತಿದ್ದು ನಮ್ಮ ಪಕ್ಕದ ಮನೆಯ ಖಾದರ್ ಮಾಮನ ಬಸ್ಸು. ಅವರ ಅಣ್ಣ ಅಪ್ಪನ ಜೊತೆ ಕಾರ್ಖಾನೆಯಲ್ಲಿದ್ದರು. ಇವರು ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ ದಿನಕ್ಕೆ ಹತ್ತು ಸಲ ಖಾಸಗಿ ಬಸ್ಸು ಓಡಿಸುವವರು. ಕೈ ತೋರಿಸಿದವರಿಗೆಲ್ಲ ನಿಲ್ಲಿಸುತ್ತಾ ಹೋಗುವ ಬಸ್ಸು, ಒಂದು ಗಂಟೆಯ ದಾರಿ.

"ಕ್ಯಾ ಬೇಟಿ, ಗೆದ್ದೆಯಾ! ಬಾ ಬಾ, ಇಂಜಿನ್ ಪಕ್ಕ ಕೂತ್ಕೋ," ಎಂದು ಅವರು ಹಾರನ್ನನ್ನು ಉದ್ದಕ್ಕೆ ಬಾರಿಸಿದರು.

ಅಪ್ಪ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿದವರಿಗೆಲ್ಲ ತೋರಿಸುತ್ತಿದ್ದರು. ತರಕಾರಿ ಬುಟ್ಟಿ ಹಿಡಿದ ಹೆಂಗಸೊಬ್ಬರು ಅದರೊಳಗೆ ಇಣುಕಿ, "ಇದ್ರಲ್ಲಿ ಎಷ್ಟು ಹಾಲು ಹಿಡಿಯುತ್ತೆ?" ಎಂದು ಕೇಳಿದರು. ನಾನು ಪುಸ್ತಕ ತೆರೆದೆ. ಆರ್ದ್ರಾ ಎಂಬ ಹೆಸರು ಹುಡುಕಿ ಪುಟ ತಿರುಗಿಸಿದೆ. ಸೂರ್ಯನಿದ್ದಲ್ಲಿ ಅದನ್ನಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ಅದರೊಳಗೆ ಮುಳುಗುತ್ತವೆ ಎಂದಿತ್ತು. ಮುಂದಿನ ಸಾಲಿನಲ್ಲಿ ಎಣ್ಣೆಯ ಕಲೆಯಿಲ್ಲದೆ, ಸ್ಪಷ್ಟವಾಗಿ, ಸೌರವ್ಯೂಹ. ಮುಂದಿನ ಪುಟದಲ್ಲಿ ಆಕಾಶಗಂಗೆ. ಅದರಲ್ಲಿ ಸಾವಿರಾರು ಕೋಟಿ ನಕ್ಷತ್ರಗಳಿವೆ, ಆರ್ದ್ರೆ ಅವುಗಳಲ್ಲೊಂದು ಚುಕ್ಕಿ. ಡಬ್ಬ ಮತ್ತು ಉಂಡೆ. ಕಪ್ಪು ಕೊಟ್ಟವರೇ ಆ ಕಪ್ಪು ನನ್ನದಲ್ಲ ಎಂದು ಹೇಳುವ ಪುಸ್ತಕವನ್ನೂ ಕೈಗಿಟ್ಟಿದ್ದರು. ಬಸ್ಸು ಯಾವ್ಯಾವ ಸ್ಟಾಪಿನಲ್ಲಿ ನಿಂತಿತೋ ನನಗೆ ಗೊತ್ತಿಲ್ಲ. ಅಪ್ಪ ನನ್ನ ತಲೆ ಸವರಿ, "ಸುಸ್ತಾಯ್ತಾ ಪುಟ್ಟಿ?" ಎಂದರು.

ಮೂರು ದಿನ ಸುಮ್ಮನಿದ್ದೆ. ಆ ಮೂರು ದಿನದಲ್ಲಿ ಅಪ್ಪ ಕಪ್ಪನ್ನು ದೇವರ ಮಾಡದ ಪಕ್ಕ ಇಟ್ಟರು, ಶಿಫ್ಟಿನಲ್ಲೆಲ್ಲ ಹೇಳಿ ಬಂದರು, ಮುಂದಿನ ಭಾನುವಾರ ಸಂಜೆ ಕಾರ್ಮಿಕರ ಸಭಾಂಗಣದಲ್ಲಿ ಮಗಳು ಅದೇ ಭಾಷಣ ಮಾಡುತ್ತಾಳೆಂದು ಒಪ್ಪಿಕೊಂಡೂ ಬಂದರು. ನಾಲ್ಕನೆಯ ದಿನ ಶಾಲೆಯಿಂದ ಬಂದವಳು ಅಡುಗೆಮನೆಗೆ ಹೋದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು.

"ಅಮ್ಮ, ನೀನು ಹೇಳಿದ್ದೇ ಸರಿ. ನಾನು ತಪ್ಪು ಹೇಳಿ ಬಹುಮಾನ ತಗೊಂಡು ಬಂದೆ." ಅಷ್ಟು ಹೇಳುವಷ್ಟರಲ್ಲಿ ಅಳು ಬಂದಿತ್ತು. "ಅವತ್ತು ನಿಂಗೆ ಹಂಗೆ ಅನ್ನಬಾರದಿತ್ತು."

ಅಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಕೈ ಚಾಚಿ ಕೇಳಿದ್ದು ಪುಸ್ತಕವನ್ನು.

"ಎಲ್ಲಿದೆ ಅದು? ನಂಗೂ ಓದಿ ಹೇಳು. ಮೊದಲಿಂದ ಹೇಳು, ಮಧ್ಯದಿಂದ ಬೇಡ."

ಅಂದು ಅಕ್ಕಿ ಅರ್ಧಕ್ಕೇ ಉಳಿಯಿತು. ನಾನು ಓದಿದೆ, ಅವಳು ಕೇಳಿದಳು. ಅರ್ಥವಾಗದಲ್ಲಿ ನಿಲ್ಲಿಸಿ ಕೇಳುತ್ತಿದ್ದಳು, ಆಗ ನನಗೂ ಅರ್ಥವಾಗಿಲ್ಲ ಎಂಬುದು ಗೊತ್ತಾಗುತ್ತಿತ್ತು. ಅಪ್ಪ ಬಂದಾಗ ಸ್ನಾನದ ನೀರು ಕಾದಿರಲಿಲ್ಲ. ಅಮ್ಮ ನನ್ನ ಬೆನ್ನು ತಟ್ಟಿ ಮುಂದಕ್ಕೆ ನೂಕಿದಳು. ನಾನು ಎಲ್ಲ ಹೇಳಿದೆ. ಅಪ್ಪ ಬೂಟು ಬಿಚ್ಚುತ್ತಿದ್ದವರು ಒಂದು ಬೂಟಿನಲ್ಲೇ ಕೂತುಬಿಟ್ಟರು.

"ಯಾರಿಗೂ ಗೊತ್ತಾಗಿಲ್ಲವಲ್ಲ. ಅಷ್ಟು ಓದಿದ ಮೇಷ್ಟ್ರುಗಳೇ ಕಪ್ಪು ಕೊಟ್ಟಿದ್ದಾರೆ. ಇನ್ಮೇಲೆ ಆ ಒಂದು ಸಾಲು ಬಿಟ್ಟು ಹೇಳಿದ್ರೆ ಆಯ್ತು, ಬಿಡು."

"ಯಾರಿಗೂ ಗೊತ್ತಾಗಿಲ್ಲ ಅಂತೀರಲ್ಲ," ಎಂದಳು ಅಮ್ಮ. "ಅವಳಿಗೆ ಗೊತ್ತಾಗಿದೆಯಲ್ರೀ."

"ನಾನು ಇಡೀ ಶಿಫ್ಟಿಗೆ ಹೇಳಿ ಬಂದಿದ್ದೀನಿ ಮಾರಾಯ್ತಿ! ನನ್ನ ಮುಖ ಎಲ್ಲಿಡ್ಲಿ?"

"ಅಲ್ಲಿ ಉಕ್ಕು ಕೆಟ್ರೆ ಏನ್ ಮಾಡ್ತೀರ? ಯಾರಿಗೂ ಗೊತ್ತಾಗಲ್ಲ ಅಂತ ಹಂಗೇ ಕಳಿಸ್ತೀರಾ?"

ಅಪ್ಪ ಇನ್ನೊಂದು ಬೂಟನ್ನೂ ಬಿಚ್ಚಿ ಎದ್ದರು. ತಣ್ಣೀರಿನಲ್ಲೇ ಸ್ನಾನ ಮಾಡಿದರು. ಅದಕ್ಕಿಂತ ದೊಡ್ಡ ಕೋಪವನ್ನು ಆ ಮನೆ ಕಂಡಿರಲಿಲ್ಲ. ರಾತ್ರಿ ಊಟದಲ್ಲಿ ವೀಣಾ ಎಲ್ಲರ ಮುಖ ನೋಡಿ ನೋಡಿ ಎರಡು ಸಲ ಮಜ್ಜಿಗೆ ಚೆಲ್ಲಿದಳು. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಪ್ಪನ್ನು ಟವೆಲ್ಲಿನಲ್ಲಿ ಸುತ್ತುತ್ತಿದ್ದರು.

"ಸೆಕೆಂಡ್ ಶಿಫ್ಟಿಗೆ ಬದಲಾಯಿಸಿಕೊಂಡಿದ್ದೀನಿ. ನಡಿ, ಶಿವಮೊಗ್ಗಕ್ಕೆ ಹೋಗೋಣ. ಕೆಟ್ಟಿದ್ದು ವಾಪಸ್ ಕುಲುಮೆಗೇ ಹೋಗಬೇಕು."

ತೀರ್ಪುಗಾರರಲ್ಲಿ ಹಿರಿಯರಾದ ನರಹರಿ ಮೇಷ್ಟ್ರು ರವೀಂದ್ರನಗರದಲ್ಲಿದ್ದರು. ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ನಾವು ಹೋದಾಗ ಜಗಲಿಯ ಮೇಲೆ ಕೂತು ನೆಲಗಡಲೆ ಬಿಡಿಸುತ್ತಿದ್ದರು. ಅಪ್ಪ ಚಪ್ಪಲಿ ಗೇಟಿನ ಹೊರಗೇ ಬಿಟ್ಟು, ಕಪ್ಪನ್ನು ಅವರ ಮುಂದಿಟ್ಟು, "ಸರ್, ನನ್ನ ಮಗಳು ತಪ್ಪು ಹೇಳಿ ಇದನ್ನ ತಗೊಂಡಿದಾಳೆ. ಅವಳೇ ಹೇಳ್ತಾಳೆ, ಕೇಳಿ," ಎಂದು ನನ್ನ ಹಿಂದೆ ಸರಿದು ನಿಂತರು. ನಾನು ಡಬ್ಬ, ಉಂಡೆ, ಎಣ್ಣೆಯ ಕಲೆ ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಕಡಲೆ ಬಿಡಿಸುವುದನ್ನು ನಿಲ್ಲಿಸಿದರು. ಅವರ ಮುಖ ಕೆಂಪಾಯಿತು. ಬೈಗಳಿಗೆ ತಯಾರಾಗಿ ನಾನು ಕಣ್ಣು ಮುಚ್ಚಿಕೊಂಡೆ.

"ಅಯ್ಯೋ ಮಾರಾಯ್ತಿ, ನಾಚಿಕೆ ಆಗಬೇಕಾದ್ದು ನನಗೆ!" ಎಂದರು ಅವರು. "ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟವನು ನಾನು. ನೀನು ಕೈ ಚಾಚಿ 'ನುಂಗಿ ನೀರು ಕುಡಿಯಬಲ್ಲದು' ಅಂದಾಗ ನನಗೆ ಮೈ ಜುಂ ಅಂತು ನೋಡು, ಲೆಕ್ಕ ಹಾಕೋದೇ ಮರೆತೆ."

ಒಳಗಿನಿಂದ ಅವರ ಹೆಂಡತಿ ಕಾಫಿ ತಂದವರು, "ಇವರನ್ನ ನಂಬಬೇಡಿ. ಅವತ್ತು ಕಣ್ಣು ಮುಚ್ಚಿಕೊಂಡು ಕೂತಿದ್ರು, ನಾನು ನೋಡಿದೀನಿ," ಎಂದರು. ಹಿಂದಿನ ಸಂಜೆಯಿಂದ ಮುಖ ಗಂಟಿಕ್ಕಿಕೊಂಡಿದ್ದ ಅಪ್ಪ ಮೊದಲ ಸಲ ನಕ್ಕರು.

ಆಮೇಲೆ ಮೇಷ್ಟ್ರು ಪೆನ್ಸಿಲ್ ತರಿಸಿ, ಹೆಂಡತಿಯ ಸಾಸಿವೆ ಡಬ್ಬಿ ತರಿಸಿ, ಜಗಲಿಯ ಮೇಲೆ ಒಂದು ಕಾಳಿಟ್ಟರು. ಇದು ಸೂರ್ಯ ಎಂದರು. ಈ ಅಳತೆಯಲ್ಲಿ ಆರ್ದ್ರೆ ಎಷ್ಟು, ಆಕಾಶಗಂಗೆ ಎಷ್ಟು ಎಂದು ನನ್ನಿಂದಲೇ ಲೆಕ್ಕ ಮಾಡಿಸಿದರು. ಸೊನ್ನೆಗಳು ಕಾಗದದ ಅಂಚು ದಾಟಿ ಹೋದವು. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪ್ರತಿ ಸೊನ್ನೆಯನ್ನೂ ಬೆರಳಿಟ್ಟು ಎಣಿಸಿದರು. ಕಪ್ಪಿನ ವಿಷಯ ಕೇಳಿದಾಗ ಮೇಷ್ಟ್ರು, "ಅದು ನಿನ್ನ ತೀರ್ಮಾನ. ನಾನು ಒಂದು ಸಲ ತೀರ್ಮಾನ ಮಾಡಿ ಎಡವಿದೀನಿ," ಎಂದು ನವುಲೆಯ ವಿಳಾಸ ಬರೆದುಕೊಟ್ಟರು.

ಪುಷ್ಪಲತಾಳ ತಂದೆ ಕೃಷಿ ಕಾಲೇಜಿನ ಹೊಲಗಳಲ್ಲಿ ಕೆಲಸಕ್ಕಿದ್ದವರು. ಅವಳು ಮನೆಯ ಮುಂದಿನ ನಲ್ಲಿಯಲ್ಲಿ ಕೊಡ ತುಂಬಿಸುತ್ತಿದ್ದಳು. ನಾನು ಹೇಳುವುದನ್ನೆಲ್ಲ ಕೊಡ ತುಂಬುವವರೆಗೆ ಕೇಳಿ, ನಲ್ಲಿ ನಿಲ್ಲಿಸಿ, "ನಂಗೆ ಅವತ್ತೇ ಗೊತ್ತಿತ್ತು," ಎಂದಳು.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹೊಟ್ಟೆಕಿಚ್ಚಿಗೆ ಹೇಳ್ತಾಳೆ ಅಂತಿದ್ರು. ಹೊಟ್ಟೆಕಿಚ್ಚೂ ಇತ್ತು." ಅವಳು ಕೈ ಒರೆಸಿಕೊಂಡು ಕಪ್ಪಿಗೆ ಕೈ ಚಾಚಿದಳು. "ಕೊಡು."

ಬೇಡ, ಪರವಾಗಿಲ್ಲ, ನೀನೇ ಇಟ್ಟುಕೋ ಎಂಬ ಮಾತು ಬರುತ್ತದೆಂದು ನಾನು ದಾರಿಯುದ್ದಕ್ಕೂ ಒಳಗೊಳಗೇ ಕಾಯುತ್ತಿದ್ದೆ. ಬರಲಿಲ್ಲ. ಪುಸ್ತಕವನ್ನೂ ಮುಂದೆ ಮಾಡಿದೆ. ಅವಳು ಅದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟಳು.

"ಇದು ನೀನೇ ಇಟ್ಕೋ. ನಿಂಗೇ ಬೇಕಾಗುತ್ತೆ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಅವಳೂ ನಕ್ಕಳು. ಆ ನಗುವಿನಿಂದ ಶುರುವಾದ ಗೆಳೆತನದಲ್ಲಿ ನಾವಿಬ್ಬರೂ ಇವತ್ತಿಗೂ ವಾರಕ್ಕೊಮ್ಮೆ ಫೋನಿನಲ್ಲಿ ಜಗಳವಾಡುತ್ತೇವೆ.

ಭಾನುವಾರ ಸಂಜೆ ಕಾರ್ಮಿಕರ ಸಭಾಂಗಣ ತುಂಬಿತ್ತು. ಅಪ್ಪನ ಶಿಫ್ಟಿನವರು, ಅವರ ಮನೆಯವರು, ಮುಂದಿನ ಸಾಲಿನಲ್ಲಿ ಖಾದರ್ ಮಾಮ. ಅಮ್ಮ ರೇಷ್ಮೆಯಂಚಿನ ಸೀರೆ ಉಟ್ಟು ವೀಣಾಳ ಜೊತೆ ಹೆಂಗಸರ ಕಡೆ ಕೂತಿದ್ದಳು. ನಾನು ಕೈ ಚಾಚಲಿಲ್ಲ. ಮೊದಲು ತಪ್ಪನ್ನು ಹೇಳಿದೆ, ಕಪ್ಪು ಎಲ್ಲಿಗೆ ಹೋಯಿತೆಂದು ಹೇಳಿದೆ, ತಪ್ಪನ್ನು ಮೊದಲು ಹಿಡಿದದ್ದು ನಮ್ಮಮ್ಮ, ನಾನು ಕೇಳಿಸಿಕೊಳ್ಳಲಿಲ್ಲ ಎಂದೂ ಹೇಳಿದೆ. ಸಭೆ ಹಿಂತಿರುಗಿ ನೋಡಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬೆರಳ ತುದಿಯಲ್ಲಿ ಒಂದು ಸಾಸಿವೆ ಕಾಳನ್ನು ಎತ್ತಿ ಹಿಡಿದೆ. ಯಾರಿಗೂ ಕಾಣಲಿಲ್ಲ, ಆದರೂ ಎಲ್ಲರೂ ಕತ್ತು ಚಾಚಿದರು.

"ಇದು ಸೂರ್ಯ ಅಂದ್ಕೊಳ್ಳಿ. ಹಾಗಾದ್ರೆ ಆರ್ದ್ರಾ ನಕ್ಷತ್ರ ನಮ್ಮಮ್ಮನಷ್ಟು ಎತ್ತರದ ಒಂದು ಗುಂಡು. ಸೂರ್ಯನಿಗೆ ತೀರ ಹತ್ತಿರದ ನಕ್ಷತ್ರ ಅಂದ್ರೆ ಕಡೂರಿನ ಹತ್ತಿರ ಬಿದ್ದಿರೋ ಇನ್ನೊಂದು ಕಾಳು. ನಡುವೆ ಎಲ್ಲ ಖಾಲಿ. ಆಕಾಶಗಂಗೆ ಎಷ್ಟು ಗೊತ್ತಾ? ಇಲ್ಲಿಂದ ನಿಜವಾದ ಚಂದ್ರನವರೆಗೆ ಹೋಗಿ, ವಾಪಸ್ ಬಂದು, ಮತ್ತೆ ಹೋಗಿ, ಅರ್ಧ ದಾರಿ ಬಂದ್ರೆ ಎಷ್ಟೋ ಅಷ್ಟು ಅಗಲ."

ಸಭೆಯಲ್ಲಿ ಗುಜುಗುಜು ಎದ್ದಿತು. ಅರ್ಥವಾಗಲಿಲ್ಲವೇನೋ ಎಂದು ಇನ್ನೊಂದು ಲೆಕ್ಕ ಹೇಳಿದೆ. ಬೆಳಕು ಸೂರ್ಯನ ಅಡ್ಡ ದಾಟಲು ಐದು ಸೆಕೆಂಡು ಸಾಕು. ಆರ್ದ್ರೆಯನ್ನು ದಾಟಲು ಸುಮಾರು ಒಂದು ಗಂಟೆ, ಅಂದರೆ ಖಾದರ್ ಮಾಮನ ಬಸ್ಸು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವಷ್ಟು ಹೊತ್ತು. ಆಕಾಶಗಂಗೆಯನ್ನು ದಾಟಲು ಒಂದು ಲಕ್ಷ ವರ್ಷ.

"ಅರೆ ಬಾಪ್ ರೇ!" ಎಂದು ಖಾದರ್ ಮಾಮ ಕೂತಲ್ಲಿಂದಲೇ ಕೂಗಿದರು. "ಮತ್ತೆ ಕಂಡಕ್ಟರಿಗೆ ರಜ ಯಾವಾಗ?"

ಇಡೀ ಸಭೆ ನಕ್ಕಿತು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, ಪಕ್ಕದವರ ಬೆನ್ನಿಗೆ ಹೊಡೆದು, "ಸೊನ್ನೆ ಎಲ್ಲ ನಾನೇ ಎಣಿಸಿದ್ದು," ಎಂದು ಹೇಳುತ್ತಿದ್ದುದು ವೇದಿಕೆಗೂ ಕೇಳಿಸಿತು. ಅಧ್ಯಕ್ಷರು ಎದ್ದು, ಯಾರಿಗಾದರೂ ಪ್ರಶ್ನೆಯಿದ್ದರೆ ಕೇಳಬಹುದು ಎಂದರು. ಅಂಥ ಸಭೆಗಳಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ, ಎಲ್ಲರೂ ಚಪ್ಪಲಿ ಹುಡುಕುತ್ತಾರೆ. ಹೆಂಗಸರ ಕಡೆಯಿಂದ ಅಮ್ಮ ಎದ್ದು ನಿಂತಳು. ನಾಲ್ಕು ಜನರ ಮುಂದೆ ಅವಳು ಬಾಯಿ ತೆರೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಆಕಾಶಗಂಗೆಗಿಂತ ದೊಡ್ಡದು ಏನಾದ್ರೂ ಇದೆಯಾ?"

ಪುಸ್ತಕದಲ್ಲಿ ನಾನು ಅಲ್ಲಿಯವರೆಗೆ ಓದಿರಲಿಲ್ಲ. ಏನಾದರೂ ಒಂದು ಹೇಳಿ ದಾಟಬಹುದಿತ್ತು, ಸಭೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಮೈಕಿನ ಹತ್ತಿರಕ್ಕೆ ಬಾಗಿದೆ.

"ನಂಗೊತ್ತಿಲ್ಲಮ್ಮ. ಓದಿ ಹೇಳ್ತೀನಿ."

ಅಮ್ಮ ತಲೆಯಾಡಿಸಿದಳು. "ಆಯ್ತು, ನಿಧಾನಕ್ಕೆ ಓದು," ಎಂದು ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು.